ಅಪ್ಪನ ಎಳ್ಳಿನ ಡಬ್ಬಿ: ಅಲಬಾಮಾದಲ್ಲಿ ನಾಲ್ಕು ದಿನ

ಅಟ್ಲಾಂಟಾದ ನಮ್ಮ ಮನೆಗೆ ಅಪ್ಪ ಬಂದದ್ದು ಆಗಸ್ಟಿನಲ್ಲಿ. ಪೆಟ್ಟಿಗೆ ಬಿಚ್ಚಿದಾಗ ಅಪ್ಪೆಮಿಡಿಯ ಭರಣಿಗಿಂತ ಮೊದಲು ಹೊರಬಂದದ್ದು ಕರಿ ಎಳ್ಳಿನ ಸ್ಟೀಲ್ ಡಬ್ಬಿ. ‘ಈ ಸಲ ಪಕ್ಷಕ್ಕೆ ಊರಿನಲ್ಲಿರುವುದಿಲ್ಲ. ಮಹಾಲಯ ಅಮಾವಾಸ್ಯೆ ಇಲ್ಲೇ ಆಗಬೇಕು. ಹತ್ತಿರದಲ್ಲಿ ಹೊಳೆ ಇದೆಯೇ?’ ಎಂದು ಕೇಳಿದರು. 2025ರ ಅಮಾವಾಸ್ಯೆ ಬಿದ್ದದ್ದು ಸೆಪ್ಟೆಂಬರ್ 21, ಭಾನುವಾರ. ಪಕ್ಕದ ಅಲಬಾಮಾ ರಾಜ್ಯಕ್ಕೆ ಒಮ್ಮೆ ಹೋಗಿಬರಬೇಕೆಂದು ನಾನು ಎರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಅಲ್ಲಿ ಹೊಳೆಗಳಿಗೆ ಬರವಿಲ್ಲ. ಗುರುವಾರ ಹೊರಟು ಭಾನುವಾರ ಮರಳುವುದೆಂದು ನಿಶ್ಚಯಿಸಿದೆವು. ಎಳ್ಳಿನ ಡಬ್ಬಿ ಹಿಂದಿನ ಸೀಟಿನಲ್ಲಿ ಕುಳಿತು ನಮ್ಮ ಜತೆ ಹೊರಟಿತು.

ಮೊದಲ ದಿನ: ಮಾಂಟ್ಗೊಮರಿ

ಹೆದ್ದಾರಿಯ ಇಕ್ಕೆಲದಲ್ಲೂ ಕುಡ್ಜು ಎಂಬ ಬಳ್ಳಿ ಮರ, ಕಂಬ, ಹಾಳುಬಿದ್ದ ಕೊಟ್ಟಿಗೆ ಎಲ್ಲವನ್ನೂ ಹೊದ್ದುಕೊಂಡು ನಿಂತಿತ್ತು. ‘ಇದನ್ನು ದನ ತಿನ್ನುವುದಿಲ್ಲವೇ?’ ಎಂದು ಅಪ್ಪ ಎರಡು ಸಲ ಕೇಳಿದರು. ನಮ್ಮ ಜಾರ್ಜಿಯಾ ರಾಜ್ಯ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ. ಅದು ನನಗೆ ಮರೆತೇಹೋಗಿತ್ತು. ಹಾಗೆ ಸಿಕ್ಕ ಗಂಟೆಯನ್ನು ದಾರಿಬದಿಯಲ್ಲಿ ಬೇಯಿಸಿದ ಕಡಲೆಕಾಯಿ ಮಾರುವವನ ಬಳಿ ಕಳೆದೆವು. ಉಪ್ಪುನೀರಿನಲ್ಲಿ ಬೆಂದ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಬಿಡಿಸುತ್ತ ಅಪ್ಪನಿಗೆ ಅಮೆರಿಕದ ಮೇಲೆ ಮೊದಲ ಬಾರಿಗೆ ಒಳ್ಳೆಯ ಅಭಿಪ್ರಾಯ ಬಂತು.

ಕಾರಿನಲ್ಲಿ ಅವರು ‘ನೀಗ್ರೋ’ ಎಂದಾಗ ನಾನು ತಡೆದೆ. ಅವರು ಓದಿದ, ಆಮೇಲೆ ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದ ಸಮಾಜ ಪಾಠದಲ್ಲಿದ್ದ ಪದ ಅದು. ಈಗ ಬ್ಲ್ಯಾಕ್ ಎನ್ನುತ್ತಾರೆ ಎಂದೆ. ‘ಕರಿಯ ಎಂದರೆ ನಮ್ಮಲ್ಲಿ ಬೈಗುಳ. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರೆ ಮರ್ಯಾದೆಯೇ?’ ಎಂದರು. ಯಾವ ಊರು, ಯಾವ ಭಾಷೆ, ಯಾವ ಕುಲ ಎಂಬುದೆಲ್ಲ ಗುಲಾಮರ ಹಡಗಿನಲ್ಲೇ ಅಳಿಸಿಹೋದವರು ತಮಗೆ ಉಳಿದ ಬಣ್ಣವನ್ನೇ ಮನೆತನದ ಹೆಸರಿನಂತೆ ಎತ್ತಿ ಹಿಡಿದರು, ಆ ಪದದ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆಯುತ್ತಾರೆ ಎಂದು ನನಗೆ ತಿಳಿದಷ್ಟು ವಿವರಿಸಿದೆ. ಅಪ್ಪ ಉತ್ತರಿಸಲಿಲ್ಲ, ಆದರೆ ಮತ್ತೆ ಆ ಹಳೆಯ ಪದವನ್ನು ಬಳಸಲೂ ಇಲ್ಲ.

ಮಾಂಟ್ಗೊಮರಿಯಲ್ಲಿ ನೋಡಬೇಕಾದ ಮೂರು ತಾಣಗಳಿಗೆ ಸೇರಿ ಐದೇ ಡಾಲರಿನ ಒಂದು ಟಿಕೆಟ್; ಒಂದರಿಂದ ಇನ್ನೊಂದಕ್ಕೆ ಅವರದೇ ಬಸ್ ಓಡಾಡುತ್ತದೆ. ಬಿಸಿಲು ಏರುವ ಮುಂಚೆ ಗುಡ್ಡದ ಮೇಲಿನ ಸ್ಮಾರಕವನ್ನು ನೋಡಿಬಿಡುವುದು ಜಾಣತನ. ನಾವು ಅದನ್ನು ಮಾಡಲಿಲ್ಲ, ಬೆವರಿದೆವು.

2018ರಲ್ಲಿ ತೆರೆದ ಈ ಸ್ಮಾರಕ 1877ರಿಂದ 1950ರವರೆಗೆ ಜನಜಂಗುಳಿಯ ಕೈಗೆ ಸಿಕ್ಕಿ ಸತ್ತ ನಾಲ್ಕು ಸಾವಿರಕ್ಕೂ ಹೆಚ್ಚು ಬ್ಲ್ಯಾಕ್ ಜನರದ್ದು. ತುಕ್ಕಿನ ಬಣ್ಣದ ಉಕ್ಕಿನ ಕಂಬಗಳು 800ಕ್ಕೂ ಹೆಚ್ಚಿವೆ, ಒಂದು ಜಿಲ್ಲೆಗೆ ಒಂದರಂತೆ. ಒಳಗೆ ಕಾಲಿಟ್ಟಾಗ ಅವು ಎದುರಿಗೆ ಮನುಷ್ಯರಂತೆ ನಿಂತಿರುತ್ತವೆ. ನಡೆಯುತ್ತ ಹೋದಂತೆ ನೆಲ ಕೆಳಗಿಳಿಯುತ್ತದೆ, ಕಂಬಗಳು ಅಲ್ಲೇ ಉಳಿಯುತ್ತವೆ; ತಿರುವು ದಾಟುವ ಹೊತ್ತಿಗೆ ಅವೆಲ್ಲ ತಲೆಯ ಮೇಲೆ ತೂಗುತ್ತಿರುತ್ತವೆ. ಗೋಡೆಯ ಮೇಲೆ ಕೆಲವರ ಕೊಲೆಗೆ ಕಾರಣ ಬರೆದಿದ್ದಾರೆ. ಅಪ್ಪ ಒಂದರ ಮುಂದೆ ನಿಂತರು. ಜೆಸ್ಸಿ ಥಾರ್ನ್‌ಟನ್, ಲುವರ್ನ್ ಎಂಬ ಊರು, 1940. ಬಿಳಿಯ ಪೊಲೀಸನೊಬ್ಬನನ್ನು ‘ಮಿಸ್ಟರ್’ ಸೇರಿಸದೆ ಕರೆದದ್ದೇ ಅವನ ತಪ್ಪು.

ಹೊರಗೆ ಕಲ್ಲಿನ ಬೆಂಚಿನ ಮೇಲೆ ಕುಳಿತು ನೀರು ಕುಡಿದ ಮೇಲೆ ಅಪ್ಪ ಮಾತು ತೆಗೆದರು. ಯಲ್ಲಾಪುರದ ಕಡೆ ಅವರ ಅಜ್ಜನ ಮನೆಯ ತೋಟಕ್ಕೆ ಒಬ್ಬ ಸಿದ್ದಿ ಮುದುಕ ಅಡಿಕೆ ಕೊನೆ ಕೊಯ್ಯಲು ಬರುತ್ತಿದ್ದನಂತೆ. ಸಿದ್ದಿಯರ ಹಿರಿಯರೂ ಆಫ್ರಿಕಾದವರೇ. ಅರಬರು, ಪೋರ್ಚುಗೀಸರು ತಂದು ಮಾರಿದವರು, ಗೋವೆಯಿಂದ ತಪ್ಪಿಸಿಕೊಂಡು ನಮ್ಮ ಘಟ್ಟದ ಕಾಡು ಸೇರಿದವರು. ‘ಅವನಿಗೆ ಎಪ್ಪತ್ತು ದಾಟಿತ್ತು. ನನಗೆ ಏಳು. ಅವನು ನನಗೆ ನೀವು ಎನ್ನುತ್ತಿದ್ದ, ನಾನು ಅವನಿಗೆ ನೀನು ಎನ್ನುತ್ತಿದ್ದೆ. ಯಾರೂ ತಿದ್ದಲಿಲ್ಲ. ಮೇಷ್ಟ್ರಾದ ಮೇಲೂ ನನಗೆ ಅದು ಹೊಳೆಯಲಿಲ್ಲ’ ಎಂದರು. ನಾನೇನೂ ಹೇಳಲಿಲ್ಲ. ಈಗಲೂ ಈ ಕಥೆಯಲ್ಲಿ ಅಪ್ಪ ಅವನನ್ನು ಏಕವಚನದಲ್ಲೇ ಹೇಳಿದರೆಂಬುದು ನನಗೆ ತಿಳಿದದ್ದು ರಾತ್ರಿ ಮಲಗಿದ ಮೇಲೆ.

ಎರಡನೆಯ ತಾಣವಾದ ವಸ್ತುಸಂಗ್ರಹಾಲಯದ ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ. ಒಳ್ಳೆಯದೇ ಆಯಿತು, ಅಲ್ಲಿನ ಮಣ್ಣಿನ ಭರಣಿಗಳನ್ನು ಕಣ್ಣಿನಿಂದಲೇ ನೋಡಬೇಕಾಯಿತು. ಕೊಲೆ ನಡೆದ ಜಾಗಗಳಿಗೆ ಸತ್ತವರ ವಂಶದವರು, ಊರಿನವರು ಹೋಗಿ ಕೈಯಾರೆ ಅಗೆದು ತಂದ ಮಣ್ಣು ಅದು. ಪ್ರತಿ ಭರಣಿಯ ಮೇಲೆ ಹೆಸರು, ಊರು, ತಾರೀಖು. ಕೆಮ್ಮಣ್ಣು, ಬೂದು ಮರಳು, ಎರೆಯಂಥ ಕಪ್ಪು, ಅರಿಸಿನದ ಛಾಯೆ. ಒಂದರಲ್ಲಿ ಸಣ್ಣ ಬೇರಿನ ತುಂಡು ಹಾಗೇ ಉಳಿದಿತ್ತು. ಹೆಸರು ಗೊತ್ತಿಲ್ಲದವರಿಗೂ ಭರಣಿ ಇದೆ. ‘ಹೆಸರು ತಿಳಿಯದು’ ಎಂದೇ ಬರೆದಿದ್ದಾರೆ.

ಮೂರನೆಯ ತಾಣ 2024ರಲ್ಲಿ ತೆರೆದದ್ದು, ಅಲಬಾಮಾ ನದಿಯ ದಂಡೆಯ ಶಿಲ್ಪೋದ್ಯಾನ. ಅದರ ಕೊನೆಯಲ್ಲಿ ತೆರೆದಿಟ್ಟ ಪುಸ್ತಕದಂತೆ ನಾಲ್ಕು ಅಂತಸ್ತಿನಷ್ಟು ಎತ್ತರದ ಗೋಡೆ. ಅದರ ಮೇಲೆ 1,22,000 ಮನೆತನದ ಹೆಸರುಗಳು. 1870ರ ಜನಗಣತಿಯಲ್ಲಿ, ಬಿಡುಗಡೆಯ ಬಳಿಕ, ಮೊದಲ ಸಲ ಹೆಸರು ಹೇಳಿ ಬರೆಸಿಕೊಂಡವರ ಅಡ್ಡಹೆಸರುಗಳು ಅವು. ಅದಕ್ಕೂ ಹಿಂದಿನ 1850, 1860ರ ಗಣತಿಯಲ್ಲಿ ಗುಲಾಮರಿಗಾಗಿಯೇ ಬೇರೆ ಪಟ್ಟಿ ಇತ್ತು: ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ದನಗಳ ಲೆಕ್ಕದ ಹಾಗೆ.

ಡೆಟ್ರಾಯಿಟ್‌ನಿಂದ ಬಂದಿದ್ದ ನಿವೃತ್ತ ಬಸ್ ಚಾಲಕರೊಬ್ಬರು ತಮ್ಮ ಹೆಸರಿನ ಮೇಲೆ ಬೆರಳಿಟ್ಟು ನಿಂತಿದ್ದರು. ಅಪ್ಪನ ಪಂಚೆ ನೋಡಿ ತಾವೇ ಮಾತನಾಡಿಸಿದರು. ಅವರ ಅಜ್ಜಿಯ ಅಜ್ಜ 1870ರ ಕಾಗದದಲ್ಲಿ ಇದ್ದಾರಂತೆ. ಅದರಾಚೆಗೆ ಬರೀ ‘ಗಂಡು, 12’. ಪ್ರತಿ ಸೆಪ್ಟೆಂಬರಿನಲ್ಲಿ ದಾಯಾದಿಗಳೆಲ್ಲ ಸೇರಿ ಹಳ್ಳಿಯ ಸ್ಮಶಾನಕ್ಕೆ ಹೋಗಿ ಪೊದೆ ಸವರಿ, ಬಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸುತ್ತಾರೆ. ‘ನಾನು ಹೂವು ತರುವುದಿಲ್ಲ, ಹುಲ್ಲು ಕತ್ತರಿಸುವ ಯಂತ್ರ ತರುತ್ತೇನೆ’ ಎಂದು ನಕ್ಕರು. ಆಮೇಲೆ ನನ್ನತ್ತ ತಿರುಗಿ, ‘ನಿನಗೆ ಎಷ್ಟು ತಲೆಮಾರು ಗೊತ್ತು?’ ಎಂದು ಕೇಳಿದರು. ಅಜ್ಜನ ಹೆಸರು ಹೇಳಿ ನಿಂತುಬಿಟ್ಟೆ. ಅಪ್ಪ ಪಕ್ಕದಲ್ಲೇ ಇದ್ದರು, ಮುತ್ತಜ್ಜನ ಹೆಸರನ್ನು ಪ್ರತಿವರ್ಷ ಎಳ್ಳುನೀರಿನ ಜತೆ ಹೇಳುವವರು. ಅವರ ಹೆಸರನ್ನು ನನ್ನಿಂದ ಯಾರೂ ಕಸಿದುಕೊಂಡಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೇ.

ಎರಡನೆಯ ದಿನ: ಸೆಲ್ಮಾ, ಗೀಸ್ ಬೆಂಡ್

ಬೆಳಗಿನ ತಿಂಡಿಗೆ ಗ್ರಿಟ್ಸ್. ಮೆಕ್ಕೆಜೋಳದ ರವೆಯ ಗಂಜಿ, ಒಗ್ಗರಣೆ ಮರೆತ ಉಪ್ಪಿಟ್ಟು ಎನ್ನಬಹುದು. ಅಪ್ಪ ಚಟ್ನಿಪುಡಿ ಬೆರೆಸಿ ಎರಡು ಬಟ್ಟಲು ಮುಗಿಸಿದರು.

ಮಾಂಟ್ಗೊಮರಿಯಿಂದ ಸೆಲ್ಮಾಕ್ಕೆ 80ನೇ ಹೆದ್ದಾರಿ. 1965ರ ಮಾರ್ಚ್‌ನಲ್ಲಿ ಮತದಾನದ ಹಕ್ಕಿಗಾಗಿ 54 ಮೈಲಿ ನಡೆದವರ ದಾರಿ ಇದೇ, ನಾವು ಅದನ್ನು ಹಿಂದುಮುಂದಾಗಿ ಹಿಡಿದಿದ್ದೆವು. ಮಧ್ಯೆ ಬರುವ ಲೌಂಡ್ಸ್ ಕೌಂಟಿ ಎಂಬ ಜಿಲ್ಲೆಯಲ್ಲಿ ಆಗ ನೂರಕ್ಕೆ ಎಂಬತ್ತು ಜನ ಬ್ಲ್ಯಾಕ್. ಆ ವರ್ಷ ಶುರುವಾಗುವಾಗ ಮತದಾರರ ಪಟ್ಟಿಯಲ್ಲಿ ಅವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಹೆಸರು ಬರೆಸಿದ ಗೇಣಿದಾರರನ್ನು ಒಡೆಯರು ಮನೆಯಿಂದ ಹೊರಹಾಕಿದಾಗ ಅವರು ಹೆದ್ದಾರಿಯ ಪಕ್ಕದಲ್ಲೇ ಡೇರೆ ಹೊಡೆದು ವರ್ಷಗಟ್ಟಲೆ ಇದ್ದರು. ಅಪ್ಪನದು ಮೇಷ್ಟ್ರ ಚಾಳಿ, ಫಲಕ ಕಂಡಲ್ಲೆಲ್ಲ ಕಾರು ನಿಲ್ಲಿಸಬೇಕು. ದಿಬ್ಬವೊಂದರ ಮೇಲೆ ಕಬ್ಬಿಣದ ಬೇಲಿಯೊಳಗೆ ವಯೋಲಾ ಲಿಯುಜ್ಜೊ ಎಂಬ ಬಿಳಿಯ ಮಹಿಳೆಯ ಕಲ್ಲಿದೆ. ಐದು ಮಕ್ಕಳ ತಾಯಿ, ನಡಿಗೆಗೆ ಬಂದವರನ್ನು ಕಾರಿನಲ್ಲಿ ಸಾಗಿಸುತ್ತಿದ್ದಾಗ ಗುಂಡಿಗೆ ಬಲಿಯಾದವಳು. ಅಲ್ಲೂ ಇಪ್ಪತ್ತು ನಿಮಿಷ ಹೋಯಿತು.

1965ರಲ್ಲಿ ಮೊದಲು ನಡೆಯಲು ಹೊರಟವರನ್ನು ಪೊಲೀಸರು ಹೊಡೆದಟ್ಟಿದ, ಸೆಲ್ಮಾದ ಎಡ್ಮಂಡ್ ಪೆಟ್ಟಸ್ ಸೇತುವೆಯ ಬಗ್ಗೆ ಓದಿದವರು ಬೇಕಾದಷ್ಟು ಇದ್ದಾರೆ. ಅದರ ಮೇಲೆ ಒಮ್ಮೆ ಹೋಗಿ ಬನ್ನಿ ಎಂದಷ್ಟೇ ಹೇಳುತ್ತೇನೆ. ನಡುವೆ ಅದು ಬಿಲ್ಲಿನಂತೆ ಉಬ್ಬಿರುವುದರಿಂದ ಆಚೆಯ ತುದಿಯಲ್ಲಿ ಯಾರು ಕಾಯುತ್ತಿದ್ದಾರೆಂಬುದು ತುತ್ತತುದಿ ಮುಟ್ಟುವವರೆಗೂ ಕಾಣುವುದಿಲ್ಲ. ನನಗೆ ಆ ಊರಿನಲ್ಲಿ ಹೆಚ್ಚು ನೆನಪಿನಲ್ಲಿ ಉಳಿದದ್ದು ನ್ಯಾಯಾಲಯ. ಮಟಿಲ್ಡಾ ಮೆಕ್‌ಕ್ರಿಯರ್ ಎರಡು ವರ್ಷದ ಕೂಸಾಗಿದ್ದಾಗ ತಾಯಿಯ ಜತೆ ಆಫ್ರಿಕಾದಿಂದ ಕ್ಲೊಟಿಲ್ಡಾ ಎಂಬ ಗುಲಾಮರ ಹಡಗಿನಲ್ಲಿ ಬಂದವಳು. 1931ರಲ್ಲಿ, ಎಪ್ಪತ್ತು ದಾಟಿದ ಮೇಲೆ, ತನ್ನನ್ನು ಕದ್ದು ತಂದದ್ದಕ್ಕೆ ಪರಿಹಾರ ಕೊಡಿ ಎಂದು ಕೇಳಲು ಹದಿನೈದು ಮೈಲಿ ನಡೆದು ಸೆಲ್ಮಾದ ನ್ಯಾಯಾಲಯಕ್ಕೆ ಬಂದಳು. ಕೊಡಲಿಲ್ಲ. 1940ರಲ್ಲಿ ತೀರಿಕೊಂಡ ಅವಳೇ ಆ ಹಡಗಿನ ಕೊನೆಯವಳು. ಆ ಹದಿನೈದು ಮೈಲಿಯನ್ನು ಲೆಕ್ಕ ಹಾಕಿ, ‘ಶಿರಸಿಯಿಂದ ಬನವಾಸಿಗೆ ಹೋದಷ್ಟು’ ಎಂದರು ಅಪ್ಪ.

ಊಟ ಸೆಲ್ಮಾದಲ್ಲೇ. ಹುರಿದ ಬೆಂಡೆಕಾಯಿ, ಅಲಸಂದೆ, ಮೆಕ್ಕೆಜೋಳದ ರೊಟ್ಟಿ. ಸೊಪ್ಪಿಗೂ ಅಲಸಂದೆಗೂ ಹಂದಿಯ ತುಂಡು ಹಾಕಿ ಬೇಯಿಸುವುದು ಇಲ್ಲಿ ವಾಡಿಕೆ, ಸಸ್ಯಾಹಾರಿಗಳು ಬಾಯಿಬಿಟ್ಟು ಕೇಳಬೇಕು. ಕೇಳಿದ್ದಕ್ಕೆ ಬಡಿಸುವಾಕೆ ಅಪ್ಪನ ತಟ್ಟೆಯಿಂದ ಅಲಸಂದೆಯನ್ನು ಎತ್ತಿಕೊಂಡು ಹೋಗಿ ಬೆಂಡೆಯನ್ನು ದುಪ್ಪಟ್ಟು ಮಾಡಿ ತಂದಳು. ಬೆಂಡೆಯೂ ಅಲಸಂದೆಯೂ ಆಫ್ರಿಕಾದಿಂದ ಇದೇ ಜನರೊಂದಿಗೆ ಇಲ್ಲಿಗೆ ಬಂದ ಬೆಳೆಗಳು ಎಂದು ತಿಳಿಸಿದೆ. ‘ನಮಗೂ ಅಲ್ಲಿಂದಲೇ ಬಂದಿರಬೇಕು’ ಎಂದು ಅಪ್ಪ ಬೆಂಡೆಯನ್ನು ಎತ್ತಿ ನೋಡಿದರು.

ಫಲಕಗಳ ಓದು, ಬೆಂಡೆಯ ಊಟ ಎರಡೂ ಸೇರಿ ಗೀಸ್ ಬೆಂಡ್‌ಗೆ ದಾಟಿಸುವ, ಕಾರನ್ನೂ ಹೊರುವ ಕ್ಯಾಮ್ಡೆನ್ ಊರಿನ ದೋಣಿ ತಪ್ಪಿತು. ದಡದಲ್ಲಿ ಕಾರು ನಿಲ್ಲಿಸುವಾಗ ಅದು ನೀರಿನ ನಡುವೆ ಇತ್ತು. ಗೀಸ್ ಬೆಂಡ್ ಎದುರು ದಂಡೆಯಲ್ಲೇ ಕಾಣುತ್ತದೆ, ಆದರೆ ದಿನಕ್ಕೆ ಕೆಲವೇ ಬಾರಿ ದೋಣಿ; ಗಾಳಿ-ಮಳೆಯಿದ್ದರೆ ಅದೂ ಇಲ್ಲ, ಫೋನ್ ಮಾಡಿ ಹೋಗುವುದು ಒಳ್ಳೆಯದು. ಕಾಯುವ ಬದಲು ರಸ್ತೆಯಲ್ಲಿ ಸುತ್ತಿ ಹೊರಟೆ. ನದಿ ಮೂರು ಕಡೆ ಬಳಸಿಕೊಂಡ ಊರು ಅದು. ಪೈನ್ ಮರಗಳು, ಕೆಂಪು ಮಣ್ಣು, ಒಂದು ಚರ್ಚು, ಮತ್ತೆ ಪೈನ್ ಮರಗಳು. ಎದುರು ದಡ ಮುಟ್ಟಲು ಸರಿಯಾಗಿ ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಗೂ ಒಂದು ಕಥೆ ಇದೆ. 1962ರಲ್ಲಿ ಗೀಸ್ ಬೆಂಡ್‌ನವರು ಮತದಾರರಾಗಿ ಹೆಸರು ಬರೆಸಲು ಕ್ಯಾಮ್ಡೆನ್‌ಗೆ ದಾಟತೊಡಗಿದಾಗ ಆಡಳಿತದವರು ದೋಣಿಯನ್ನೇ ನಿಲ್ಲಿಸಿದರು. ಮತ್ತೆ ಶುರುವಾದದ್ದು 2006ರಲ್ಲಿ. ನಾನು ಸ್ಟಿಯರಿಂಗ್ ಹಿಡಿದು ಗೊಣಗಿದ್ದು ಒಂದು ಸಲ. ಆಸ್ಪತ್ರೆಗೆ, ಸಂತೆಗೆ, ಕಚೇರಿಗೆ ಅವರು ಹೀಗೆ ಸುತ್ತಿದ್ದು 44 ವರ್ಷ.

ಇಲ್ಲಿ ಅರ್ಧ ಊರಿನ ಅಡ್ಡಹೆಸರು ಪೆಟ್ವೇ. ಹಳೆಯ ಒಡೆಯನ ಹೆಸರದು. ಅವನು ಇವರ ಹಿರಿಯರನ್ನು ನಾರ್ತ್ ಕ್ಯಾರೊಲೈನಾದಿಂದ ನಡೆಸಿಕೊಂಡೇ ಕರೆತಂದಿದ್ದ. ಕೌದಿ ಮಾರುವ ಅಂಗಡಿಯ ಬಾಗಿಲಲ್ಲಿ ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಕುಳಿತಿದ್ದರು, ಮಡಿಲಲ್ಲಿ ಹೊಲಿಗೆ. ಕ್ವಿಲ್ಟ್ ಎಂದು ಇಲ್ಲಿ ಕರೆಯುವ ಅದನ್ನು ನಾನು ಕೌದಿ ಎನ್ನುತ್ತೇನೆ, ಬೇರೆ ಪದವೇ ಬೇಡ. ಗೋಡೆಯ ಮೇಲಿದ್ದ ಒಂದರಲ್ಲಿ ನೀಲಿ ಡೆನಿಮ್ ಪಟ್ಟಿಗಳಿದ್ದವು. ಪ್ಯಾಂಟಿನ ಕಿಸೆ ಇದ್ದ ಜಾಗ ಮಾತ್ರ ಗಾಢ ನೀಲಿ, ಸುತ್ತಲೂ ಬಿಸಿಲಿಗೆ ಬೆಳ್ಳಗಾದ ಬಟ್ಟೆ. ಮಂಡಿಯ ಬಳಿ ಸವೆದು ಎಳೆ ಎದ್ದಿತ್ತು. ಯಾರದೋ ಮಂಡಿ ಅಲ್ಲೇ ಮಡಚಿಕೊಂಡು ಕುಳಿತಂತೆ. ಈ ಊರಿನ ಮಿಸ್ಸೂರಿ ಪೆಟ್ವೇ ಎಂಬವರು 1942ರಲ್ಲಿ, ಗಂಡ ತೀರಿಕೊಂಡ ಮೇಲೆ, ಅವನ ಹೊಲದ ಬಟ್ಟೆಗಳನ್ನೆಲ್ಲ ಹರಿದು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೌದಿ ಹೊಲಿದರು, ನೆನಪಿಗೂ ಆಯಿತು, ಹೊದೆಯಲೂ ಆಯಿತು ಎಂದು. ಅಂಥ ಕೌದಿಗಳು ಈಗ ದೊಡ್ಡ ಕಲಾಸಂಗ್ರಹಾಲಯಗಳಲ್ಲಿ ತೂಗುತ್ತಿವೆ, 2006ರಲ್ಲಿ ಅಂಚೆಚೀಟಿಗಳಾದವು. ಮನೆಯ ಗೋಡೆಯ ಬಿರುಕಿನಿಂದ ನುಗ್ಗುವ ಚಳಿಗೆ ಹೊಲಿದದ್ದು ಅವು.

ಅಪ್ಪ ಒಂದು ಕೌದಿಯ ಮೂಲೆ ಹಿಡಿದು ಹುಡುಕತೊಡಗಿದರು. ಏನೆಂದು ಅಜ್ಜಿ ಕೇಳಿದರು. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರೂ ಹಳೆಯ ಸೀರೆಗಳಲ್ಲಿ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿದ ತ್ರಿಕೋನದ ‘ಹೂವು’ ಇಡಬೇಕು, ಇಡದಿದ್ದರೆ ಕೌದಿ ಬತ್ತಲೆ. ಇದನ್ನೆಲ್ಲ ನಾನು ಇಂಗ್ಲಿಷಿನಲ್ಲಿ ಹೇಳುವುದರೊಳಗೆ ಅಪ್ಪ ಕರವಸ್ತ್ರ ತೆಗೆದು ಮಡಚಿ ತೋರಿಸಿಬಿಟ್ಟಿದ್ದರು. ಅಜ್ಜಿ ಅದನ್ನು ಬಿಚ್ಚಿ, ತಾವೇ ಮಡಚಿ, ಸರಿಯಾಗಲಿಲ್ಲವೆಂದು ಮತ್ತೆ ಬಿಚ್ಚಿ, ಮೂರನೆಯ ಸಲ ಗುಂಡುಸೂಜಿ ಚುಚ್ಚಿ ನಿಲ್ಲಿಸಿದರು. ‘ಅವರು ಆಫ್ರಿಕಾದಿಂದ ನಿಮ್ಮ ಕಡೆಗೆ ಹೋದರೇ? ನಾವು ಈ ಕಡೆಗೆ ಬಂದೆವು’ ಎಂದು ಕರವಸ್ತ್ರವನ್ನು ತಮ್ಮ ಹೊಲಿಗೆಯ ಬುಟ್ಟಿಗೆ ಹಾಕಿಕೊಂಡರು. ಅದನ್ನು ಮರಳಿ ಕೇಳಲು ಅಪ್ಪನಿಗೆ ಮನಸ್ಸಾಗಲಿಲ್ಲ. ದೊಡ್ಡ ಕೌದಿಯ ಬೆಲೆ ನನ್ನ ಕೈಗೆ ಮೀರಿದ್ದು. ಕೈಯಗಲದ ಒಂದು ತುಂಡು ಕೊಂಡೆ.

ಮರಳುವಾಗ ದೋಣಿ ಸಿಕ್ಕಿತು. ಬ್ಯಾಟರಿಯ ದೋಣಿ, ಸದ್ದೇ ಇಲ್ಲ. ಹದಿನೈದು ನಿಮಿಷದಲ್ಲಿ ಕ್ಯಾಮ್ಡೆನ್.

ಮೂರನೆಯ ದಿನ: ಆಫ್ರಿಕಾಟೌನ್

ರಾತ್ರಿಯೇ ಮೊಬೀಲ್ ನಗರ ಸೇರಿದ್ದೆವು. ಹೋಟೆಲಿನ ಕೋಣೆಯ ಏಸಿ ಬೆಳಗಿನವರೆಗೆ ತೊಟ್ಟಿಕ್ಕಿ ನನ್ನ ಬೂಟುಗಳು ತೊಯ್ದುಹೋಗಿದ್ದವು. ಅಪ್ಪನ ಹವಾಯಿ ಚಪ್ಪಲಿಯಲ್ಲೇ ದಿನ ಕಳೆದೆ.

ಗುಲಾಮರನ್ನು ಹೊರಗಿನಿಂದ ತರುವುದನ್ನು ಅಮೆರಿಕ ನಿಷೇಧಿಸಿದ್ದು 1808ರಲ್ಲಿ. 52 ವರ್ಷಗಳ ನಂತರ, 1860ರಲ್ಲಿ, ಟಿಮತಿ ಮೆಹರ್ ಎಂಬ ಶ್ರೀಮಂತ ತಂದು ತೋರಿಸುತ್ತೇನೆಂದು ಪಂಥ ಕಟ್ಟಿ ಕ್ಲೊಟಿಲ್ಡಾ ಹಡಗನ್ನು ಈಗಿನ ಬೆನಿನ್ ದೇಶದ ವಿದಾ ಬಂದರಿಗೆ ಕಳುಹಿಸಿದ. 110 ಮಂದಿಯನ್ನು ತುಂಬಿಕೊಂಡು ಬಂದ ಹಡಗನ್ನು ಸಾಕ್ಷ್ಯ ಉಳಿಯಬಾರದೆಂದು ಸುಟ್ಟು ಮುಳುಗಿಸಿದರು. ಆ ಅವಶೇಷ ಅದೇ ಎಂದು ಖಚಿತವಾದದ್ದು 2019ರಲ್ಲಿ. 2023ರಲ್ಲಿ ತೆರೆದ ಹೆರಿಟೇಜ್ ಹೌಸಿನಲ್ಲಿ ಅದರ ಮರದ ಚೂರುಗಳನ್ನು ನೀರಿನ ತೊಟ್ಟಿಯಲ್ಲಿಟ್ಟಿದ್ದಾರೆ. ಚಿಕ್ಕ ಜಾಗ, ಸಮಯ ಮೊದಲೇ ಕಾಯ್ದಿರಿಸಿಕೊಂಡು ಹೋಗಿ.

ನನಗೆ ಹಡಗಿಗಿಂತ ಅದರ ನಂತರದ ಕಥೆ ದೊಡ್ಡದೆನಿಸಿತು. 1865ರಲ್ಲಿ ಬಿಡುಗಡೆಯಾದಾಗ ಅವರು ಮೊದಲು ಬಯಸಿದ್ದು ಊರಿಗೆ ಮರಳುವುದನ್ನು. ಕೂಲಿ ಉಳಿಸಿದರು, ಹಡಗಿನ ಖರ್ಚಿಗೆ ಸಾಲಲಿಲ್ಲ. ಮೆಹರನ ಬಳಿ ಹೋಗಿ, ನಮ್ಮನ್ನು ನಮ್ಮ ನೆಲದಿಂದ ಕಿತ್ತು ತಂದವನು ನೀನು, ಬದಲಿಗೆ ಸ್ವಲ್ಪ ನೆಲ ಕೊಡು ಎಂದರು, ಕೊಡಲಿಲ್ಲ. ಮತ್ತೆ ದುಡಿದು, ಉಳಿಸಿ, ದುಡ್ಡು ಕೊಟ್ಟೇ ನೆಲ ಕೊಂಡು ತಮ್ಮದೊಂದು ಊರು ಕಟ್ಟಿದರು. ಮುಖಂಡನನ್ನು ಆರಿಸಿಕೊಂಡರು, ಚರ್ಚು ಕಟ್ಟಿದರು, ಮಕ್ಕಳಿಗೆ ಶಾಲೆ ಮಾಡಿದರು, ಊರಿಗೆ ಆಫ್ರಿಕಾದ ಹೆಸರನ್ನೇ ಇಟ್ಟರು. ಹತ್ತೊಂಬತ್ತರ ಹರೆಯದಲ್ಲಿ ಸೆರೆಸಿಕ್ಕ ಕೊಸೊಲ ಎಂಬಾತ ಇಲ್ಲಿ ಕಜೊ ಲೂಯಿಸ್ ಆಗಿ 1935ರವರೆಗೆ ಬದುಕಿದ. ಚರ್ಚಿನ ಮುಂದೆ ಅವನ ಎದೆಪ್ರತಿಮೆಯಿದೆ.

ಈಗಿನ ಊರನ್ನು ಹೆದ್ದಾರಿ ಸೀಳಿದೆ. ಸುತ್ತ ಕಾರ್ಖಾನೆಗಳು, ಖಾಲಿ ಮನೆಗಳು. ಸ್ಮಶಾನದಲ್ಲಿ ಗೋರಿಗಳು ಪೂರ್ವಕ್ಕೆ ಮುಖ ಮಾಡಿವೆ ಎನ್ನುತ್ತಾರೆ, ಬಂದ ದಿಕ್ಕಿಗೆ. ಲಾರಿಗಳ ಸದ್ದಿನಲ್ಲಿ ಒಬ್ಬ ಯುವತಿ ಕಲ್ಲೊಂದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಸೋಪು ಹಾಕಬಾರದು, ನೀರು ಮಾತ್ರ, ಕಲ್ಲು ಸವೆಯುತ್ತದೆ ಎಂದು ನಮಗೂ ಕಲಿಸಿದಳು. ನಿಮ್ಮ ಮನೆತನದ ಗೋರಿಯೇ ಎಂದು ಕೇಳಿದೆ. ‘ಇದು ಯಾರದೆಂದು ಓದಲು ಇನ್ನೂ ಬರುತ್ತಿಲ್ಲ’ ಎಂದಳು. ಅಪ್ಪ ಅರ್ಧ ಗಂಟೆ ಬಾಟಲಿಯಿಂದ ನೀರು ಹನಿಸುತ್ತ ನಿಂತರು. ಎರಡು ಅಕ್ಷರ ಕಂಡಿತು, ಅಷ್ಟರಲ್ಲಿ ಮಳೆ ಬಂತು.

ನಾಲ್ಕನೆಯ ದಿನ: ಅಮಾವಾಸ್ಯೆ

ಸೂರ್ಯೋದಯಕ್ಕೆ ದೋಣಿ ಇಳಿಸುವ ಸಾರ್ವಜನಿಕ ಕಟ್ಟೆಗೆ ಹೋದೆವು. ಮೊಸಳೆಗಳಿವೆ, ನೀರಿಗಿಳಿಯಬೇಡಿ ಎಂಬ ಫಲಕ. ಪ್ರತಿ ಫಲಕವನ್ನೂ ಓದುವ ಅಪ್ಪ ಅದೊಂದನ್ನು ಓದದೆ ಮೊಣಕಾಲುದ್ದ ನೀರಿಗೆ ನಡೆದಿದ್ದರು. ಕೂಗಿ ಮೇಲಕ್ಕೆ ಕರೆದೆ. ಕಟ್ಟೆಯ ಕೊನೆಯ ಮೆಟ್ಟಿಲಲ್ಲಿ ಕುಳಿತು ಡಬ್ಬಿ ತೆರೆದರು. ದರ್ಭೆ ಇರಲಿಲ್ಲ, ದಡದ ಹುಲ್ಲೇ ಆಯಿತು.

ಸ್ವಲ್ಪ ದೂರದಲ್ಲಿ ಗಾಳ ಹಾಕಿದ್ದ ಬ್ಲ್ಯಾಕ್ ಹಿರಿಯರೊಬ್ಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನೋಡುತ್ತಿದ್ದರು. ಮುಗಿದ ಮೇಲೆ, ‘ನಿಮ್ಮವರನ್ನು ಕರೆದಿರಾ?’ ಎಂದು ಕೇಳಿದರು. ಅವರ ಮನೆಯವರೂ ಕುಟುಂಬದ ಕೂಟಕ್ಕೆ ಸೇರಿದಾಗ ನೆಲಕ್ಕೆ ನೀರು ಹೊಯ್ದು ಒಬ್ಬೊಬ್ಬರ ಹೆಸರು ಹೇಳುತ್ತಾರೆ, ಕೊನೆಗೆ ಹೆಸರು ತಿಳಿಯದವರಿಗೂ ಹೊಯ್ಯುತ್ತಾರೆ ಎಂದರು. ನಮ್ಮಲ್ಲೂ ಇದೆ ಎಂದರು ಅಪ್ಪ: ತಾಯಿ, ತಂದೆ, ಬಂಧು ಯಾರೂ ಇಲ್ಲದವರು ಈ ನೀರಿನಿಂದ ತೃಪ್ತರಾಗಲಿ ಎಂಬ ಮಂತ್ರ. ಹಿರಿಯರು ಹೊರಡುವಾಗ ಎರಡು ಮೀನುಗಳನ್ನು ಚೀಲದಲ್ಲಿ ಹಾಕಿ ಅಪ್ಪನ ಕೈಗಿತ್ತರು. ಜನ್ಮದಲ್ಲಿ ಮೀನು ಮುಟ್ಟದ ಅಪ್ಪ ಅದನ್ನು ಎರಡೂ ಕೈಗಳಿಂದ ತೆಗೆದುಕೊಂಡರು. ಹೋಟೆಲಿನ ಕೋಣೆ ಗುಡಿಸುವ ಹೆಂಗಸಿಗೆ ನಾನು ಕೊಟ್ಟುಬಂದೆ.

ಅಟ್ಲಾಂಟಾಕ್ಕೆ ಐದು ಗಂಟೆಯ ದಾರಿ. ಮುತ್ತಜ್ಜನ ಹೆಸರು, ಅವರಪ್ಪನ ಹೆಸರು ಹೇಳಿ ಎಂದು ಮೊಬೈಲ್ ತೆಗೆದರೆ, ‘ಬರೆದುಕೊಳ್ಳಬೇಡ, ಬಾಯಲ್ಲಿ ಹೇಳು’ ಎಂದು ಮೂರು ಸಲ ಹೇಳಿಸಿದರು. ಮುತ್ತಜ್ಜಿಯ ತಾಯಿಯ ಹೆಸರು ಅವರಿಗೂ ಗೊತ್ತಿರಲಿಲ್ಲ. ಮಾಂಟ್ಗೊಮರಿ ದಾಟಿದ ಮೇಲೆ ಕೇಳಿದೆ: ಕೊನೆಗೆ ಎಲ್ಲ ಮುಗಿಸಿ ಮತ್ತೆ ಒಂದು ಬೊಗಸೆ ನೀರು ಬಿಟ್ಟಿರಲ್ಲ, ಅದು ಯಾರಿಗೆ?

‘ಆ ಕೊನೆಗಾರರಿಗೆ’ ಎಂದರು. ‘ಹೆಸರು ಗೊತ್ತಿಲ್ಲ. ನಾವು ಸಿದ್ದಿ ಎಂದೇ ಕರೆಯುತ್ತಿದ್ದೆವು.’

ಮನೆಗೆ ಬಂದ ರಾತ್ರಿ ಅಪ್ಪ ಯಲ್ಲಾಪುರದ ತಮ್ಮ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿದರು. ಆತನೂ ಸಿದ್ದಿ; ತಮ್ಮ ಅಜ್ಜಿಯನ್ನು, ಪಕ್ಕದ ಊರಿನ ಹಿರಿಯರನ್ನು ಕೇಳಿ ಹೇಳುತ್ತೇನೆಂದಿದ್ದಾರೆ. ಹನ್ನೊಂದು ದಿನವಾಯಿತು. ಅಪ್ಪ ಬೆಳಗ್ಗೆ ಎದ್ದೊಡನೆ ಕನ್ನಡಕ ಹುಡುಕಿ ವಾಟ್ಸ್ಆ್ಯಪ್ ನೋಡುತ್ತಾರೆ.